ಅಮ್ಮ ಯಾರ ಲೆಕ್ಕಕ್ಕೆ

ತೆರಿಗೆ ಲೆಕ್ಕ ಸಲ್ಲಿಸುವ ಗಡುವಿಗೆ ಮುಂಚಿನ ಭಾನುವಾರ ಲೆಕ್ಕದ ಮಾಮ ಆ ಮನೆಗೆ ಊಟಕ್ಕೆ ಬರುವುದು ಯಜಮಾನರು ಬದುಕಿದ್ದಾಗಿನಿಂದ ನಡೆದುಬಂದ ಪದ್ಧತಿ. ಅವರು ಯಜಮಾನರ ಗೆಳೆಯರು. ಮಾರುಕಟ್ಟೆ ಬೀದಿಯಲ್ಲಿ, ಔಷಧದಂಗಡಿಯ ಮಹಡಿ ಮೇಲೆ ಒಂದು ಕೋಣೆ ಇಟ್ಟುಕೊಂಡು ಜನರ ತೆರಿಗೆ ಲೆಕ್ಕ ಬರೆದುಕೊಡುವುದು ಅವರ ಕಸುಬು. ಊಟವಾದ ಮೇಲೆ ಮೇಜು ಒರೆಸಿಸಿಕೊಂಡು, ಇಬ್ಬರು ಗಂಡುಮಕ್ಕಳ ಕಾಗದಗಳನ್ನು ಅಲ್ಲೇ ಹರಡಿಕೊಂಡು, ಸಂಜೆಯ ಕಾಫಿ ಬರುವುದರೊಳಗೆ ಎರಡನ್ನೂ ಮುಗಿಸುತ್ತಿದ್ದರು. ಊಟ ಬೇರೆ, ಶುಲ್ಕ ಬೇರೆ.

ಈ ವರ್ಷ ಶುಲ್ಕ ಏರಿತ್ತು. ಗುರುವಾರ ಊಟದ ಹೊತ್ತಿಗೆ ಸಣ್ಣವನು ಆ ಮಾತು ತೆಗೆದ.

“ಅರ್ಧ ಗಂಟೆ ಕೆಲಸಕ್ಕೆ ಇಷ್ಟಾ? ನಮ್ಮ ಶೋರೂಮಲ್ಲಿ ಎಲ್ಲರೂ ಆ್ಯಪಲ್ಲೇ ಮಾಡ್ಕೊಳ್ತಾರೆ. ಅದು ಕೇಳುತ್ತೆ, ನಾವು ಹೇಳ್ತೀವಿ, ಮುಗೀತು.”

ಸಣ್ಣವನಿಗೆ ಮೂವತ್ತನಾಲ್ಕು. ಟೈಲ್ಸ್ ಶೋರೂಮಿನಲ್ಲಿ ಮಾರಾಟದ ಕೆಲಸ. ಮದುವೆಯಾಗಿರಲಿಲ್ಲ. ಮಲಗುವುದು ಮಹಡಿಯ ಕೋಣೆಯಲ್ಲಿ, ಉಣ್ಣುವುದು ಕೆಳಗೆ.

“ಮಾಮ ಅಪ್ಪನ ಕಾಲದೋರು ಕಣೋ,” ಎಂದ ದೊಡ್ಡವನು. ಅವನು ಡ್ರೈವಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದ. ದಿನವಿಡೀ ಹೊಸಬರ ಪಕ್ಕದಲ್ಲಿ ತನ್ನ ಕಾಲಡಿಯ ಬ್ರೇಕನ್ನು ಕಾಯುತ್ತ ಕೂತಿರುತ್ತಿದ್ದ. ಮನೆಗೆ ಹೊಸದೇನು ಬಂದರೂ ಅವನ ಕಾಲು ಮೊದಲು ಹೋಗುವುದು ಅಲ್ಲಿಗೇ.

“ಅಪ್ಪನ ಕಾಲದ ಫ್ಯಾನೂ ಇತ್ತು. ತಲೆ ಮೇಲೆ ಬೀಳೋ ಮೊದಲು ಇಳಿಸಲಿಲ್ವಾ?”

“ಫ್ಯಾನೂ ಮನುಷ್ಯರೂ ಒಂದೇನೋ ನಿಂಗೆ?”

“ಫ್ಯಾನು ಊಟ ಕೇಳ್ತಿರಲಿಲ್ಲ.”

ಸೊಸೆ ನಿಂತೇ ಉಣ್ಣುತ್ತಿದ್ದಳು. ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಅವಳ ಪಾಳಿ ಎಂಟಕ್ಕೆ ಶುರುವಾಗುತ್ತಿತ್ತು. “ಮಾಮ ಮಾಡ್ಲಿ, ಮಷಿನ್ನು ಮಾಡ್ಲಿ, ವಾಪಸ್ ಬರೋ ದುಡ್ಡಲ್ಲಿ ಬಚ್ಚಲ ನಲ್ಲಿ ಒಂದು ಸರಿ ಮಾಡ್ಸಿ,” ಎಂದು ತಟ್ಟೆ ತೊಳೆದಿಟ್ಟು ಹೊರಟಳು.

“ಭಾನುವಾರ ಮೀನು ತರ್ಬೇಕಾ ಬೇಡ್ವಾ, ಅದೊಂದು ಹೇಳಿ,” ಎಂದಳು ಅಮ್ಮ. “ಮಿಕ್ಕಿದ್ದು ನೀವೇ ಕಿತ್ತಾಡ್ಕೊಳ್ಳಿ.”

ಅಮ್ಮನಿಗೆ ಅರವತ್ತಮೂರು. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯಲ್ಲಿ ಅವಳು ಬ್ಯಾಗು, ಸೂಟ್‌ಕೇಸು ರಿಪೇರಿ ಮಾಡುತ್ತಿದ್ದಳು. ಕಿತ್ತುಹೋದ ಜಿಪ್ಪು ಬಿಚ್ಚಿ ಹೊಸದು ಹೊಲಿಯುವುದು, ಸವೆದ ರನ್ನರ್ ಬದಲಿಸುವುದು, ಮುರಿದ ಚಕ್ರ ತೆಗೆದು ಬೇರೆ ಕೂರಿಸುವುದು. ದಪ್ಪ ಚರ್ಮವನ್ನೂ ಹೊಲಿಯುವ ಭಾರದ ಮಷಿನ್ನನ್ನು ಗಂಡ ಸತ್ತ ವರ್ಷ ತನ್ನ ಬಳೆ ಮಾರಿ ತಂದಿದ್ದಳು. ಬಾಗಿಲ ಮೇಲೆ ನೀಲಿ ತಗಡಿನ ಬೋರ್ಡು: ‘ಬ್ಯಾಗ್, ಸೂಟ್‌ಕೇಸ್, ಜಿಪ್ ರಿಪೇರಿ.’ ಬೀದಿಯವರು ಅವಳನ್ನು ಜಿಪ್ ಅಮ್ಮ ಎನ್ನುತ್ತಿದ್ದರು. ಅಡುಗೆ ಗ್ಯಾಸು, ಕರೆಂಟ್ ಬಿಲ್ಲು, ದಿನದ ತರಕಾರಿ ಆ ಕೋಣೆಯ ದುಡ್ಡಿನಲ್ಲೇ ನಡೆಯುತ್ತಿದ್ದವು. ಹಾಗೆಂದು ಯಾರೂ ಗೊತ್ತುಮಾಡಿರಲಿಲ್ಲ. ಸಿಲಿಂಡರ್ ತಂದವನು ಮೊದಲು ಕಾಣುವ ಬಾಗಿಲಿಗೆ ಬರುತ್ತಿದ್ದ, ಅಲ್ಲಿ ಅಮ್ಮ ಇರುತ್ತಿದ್ದಳು.

ಭಾನುವಾರ ಮೀನು ಬಂತು. ಲೆಕ್ಕದ ಮಾಮ ಎರಡು ಸಲ ಹಾಕಿಸಿಕೊಂಡರು. ದೊಡ್ಡವನು ಮೇಜಿನ ಮೇಲೆ ಸಂಬಳದ ಕಾಗದ ಇಟ್ಟ. ಸಣ್ಣವನು ಬೇಕೆಂದೇ ಎಲ್ಲರಿಗೂ ಕಾಣುವಂತೆ ಮಹಡಿ ಮೆಟ್ಟಿಲ ಮೇಲೆ ಕೂತು, ಅಣ್ಣನ ಮಗಳ ಕೈಗೆ ತನ್ನ ಫೋನು ಕೊಟ್ಟ. ಹುಡುಗಿ ಕಾಲೇಜಿನ ಎರಡನೇ ವರ್ಷದಲ್ಲಿದ್ದಳು. ಅವಳು ಮೇಜಿನವರಿಗೆ ಕೇಳದಷ್ಟು ಮೆಲ್ಲಗೆ ಓದುತ್ತ ಹೋದಳು, ಅವನೂ ಹಾಗೇ ಹೇಳುತ್ತ ಹೋದ.

“‘ಅರವತ್ತು ದಾಟಿದ ತಂದೆ ಅಥವಾ ತಾಯಿ ನಿಮ್ಮ ಸಂಪಾದನೆಯನ್ನು ಅವಲಂಬಿಸಿ ನಿಮ್ಮ ಜೊತೆ ವಾಸವಾಗಿದ್ದಾರೆಯೇ?’ ಏನು ಒತ್ತಲಿ ಚಿಕ್ಕಪ್ಪ?”

“ಅಮ್ಮ ಇದಾಳಲ್ಲ. ಹೌದು ಅಂತ ಒತ್ತು.”

“ಅಜ್ಜಿ ನಿನ್ನ ಸಂಪಾದನೆ ಮೇಲಾ ಇರೋದು?”

“ಇಂಟರ್‌ನೆಟ್ ಬಿಲ್ ಯಾರು ಕಟ್ಟೋದು? ಅವಳ ಕೈಲಿರೋ ಫೋನ್ ಯಾರು ತಂದಿದ್ದು? ಒತ್ತು ಸುಮ್ನೆ.”

ಅವಳು ಒತ್ತಿದಳು. ವಾಪಸ್ ಬರಬೇಕಾದ ಮೊತ್ತ ಹಸಿರು ಅಕ್ಷರದಲ್ಲಿ ಜಿಗಿಯಿತು. “ನೋಡಿದ್ರಾ ಮಾಮ, ಮೀನೂ ಕೇಳಲಿಲ್ಲ,” ಎಂದು ಸಣ್ಣವನು ಮೆಟ್ಟಿಲಿಂದಲೇ ಕೂಗಿ ಹೇಳಿದ. ಮಾಮ ತಲೆಯೆತ್ತಲಿಲ್ಲ. ದೊಡ್ಡವನ ಲೆಕ್ಕದಲ್ಲಿ ಅದೇ ಜಾಗಕ್ಕೆ ಬಂದಾಗ ಅವರು ಯಾರನ್ನೂ ಏನನ್ನೂ ಕೇಳದೆ ‘ತಾಯಿ’ ಎಂದು ಬರೆದು ಮುಂದೆ ಹೋದರು. ಅಮ್ಮ ಅಡುಗೆಮನೆಯಲ್ಲಿ ಮೀನಿನ ಬಾಣಲೆ ಉಜ್ಜುತ್ತಿದ್ದಳು.

ಐದು ವಾರದ ನಂತರ ತೆರಿಗೆ ಕಚೇರಿಯಿಂದ ಎರಡು ಕಾಗದ ಬಂದವು, ಅಣ್ಣನಿಗೊಂದು, ತಮ್ಮನಿಗೊಂದು. ಒಕ್ಕಣೆ ಒಂದೇ. ಒಬ್ಬ ತಾಯಿಯನ್ನು ಇಬ್ಬರು ತಮ್ಮ ಅವಲಂಬಿತೆ ಎಂದು ತೋರಿಸಿದ್ದಾರೆ. ಅವಳ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ಭರಿಸುವವರು ಯಾರೆಂದು ತಿಂಗಳೊಳಗೆ ಪುರಾವೆ ಕೊಡಬೇಕು. ಸುಳ್ಳು ಹೇಳಿದವರು ತಾಯಿಯ ಹೆಸರಲ್ಲಿ ಪಡೆದ ರಿಯಾಯಿತಿಯನ್ನು ಮರಳಿಸಿ ದಂಡವನ್ನೂ ಕಟ್ಟಬೇಕು.

“ಅಮ್ಮನ್ನ ನೀನು ಹಾಕ್ಕೊಂಡ್ಯಾ?” ಎಂದು ದೊಡ್ಡವನು ಕೇಳಿದ.

“ಅದು ಕೇಳ್ತು, ಹೇಳ್ದೆ. ನೀನ್ಯಾಕೆ ಹಾಕ್ಕೊಂಡೆ?”

“ನಾನು ಹಿರಿಯೋನು.”

“ಹಿರಿಯೋನಾದ್ರೆ? ಸಾಕೋದು ನೀನಾ?”

“ಮತ್ತೆ ನೀನಾ? ಬನಿಯನ್ನೂ ಅವಳ ಕೈಲೇ ಒಗೆಸ್ಕೊಳ್ಳೋನು.”

ಅಮ್ಮ ಇಬ್ಬರ ತಟ್ಟೆಗೂ ಅನ್ನ ಹಾಕಿದಳು. “ಏನದು ಕಾಗದ?” ಎಂದಳು. “ನಿಂಗಲ್ಲ ಬಿಡಮ್ಮ,” ಎಂದರು ಇಬ್ಬರೂ.

ಮಾರನೆಯ ದಿನ ದೊಡ್ಡವನು ಪಾಠದ ಕಾರನ್ನೇ ಔಷಧದಂಗಡಿ ಮುಂದೆ ನಿಲ್ಲಿಸಿ, ಕಲಿಯಲು ಬಂದವರನ್ನು ಅದರಲ್ಲೇ ಕೂರಿಸಿ, ಮೆಟ್ಟಿಲು ಹತ್ತಿದ. ಮಾಮ ಕಾಗದ ಓದಿ ಕನ್ನಡಕ ತೆಗೆದರು.

“ನಿಮ್ಮಪ್ಪ ಹೋದಾಗಿನಿಂದ ನಿಮ್ಮಮ್ಮನ್ನ ಒಂದು ವರ್ಷ ನಿನ್ನ ಲೆಕ್ಕಕ್ಕೆ, ಒಂದು ವರ್ಷ ಅವನ ಲೆಕ್ಕಕ್ಕೆ ಹಾಕ್ತಾ ಬಂದೆ. ಇಬ್ಬರಿಗೂ ಲಾಭ ಆಗ್ಲಿ ಅಂತ. ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

“ಈ ವರ್ಷ?”

“ಈ ವರ್ಷ ಸರದಿ ಅವನದ್ದೇ. ನನ್ನ ಬಿಟ್ಟು ಹೋದ್ನಲ್ಲ, ಆ ಮಷಿನ್ನಿಗೆ ಇದೆಲ್ಲ ಎಲ್ಲಿ ಹೊಳೆಯುತ್ತೆ ಅಂತ ನಿನಗೇ ಹಾಕ್ದೆ.”

“ಹೊಳೆದಿದೆಯಲ್ಲ.”

“ಅದಕ್ಕೆ ಹೊಳೆದಿಲ್ಲ. ಅದು ಅವನನ್ನೇ ಕೇಳಿದೆ.” ಮಾಮ ಸಿಟ್ಟಿನಿಂದಲೇ ಹೇಳಿದರು. “ಈಗ ಒಂದೇ ದಾರಿ. ಅವನು ಹಿಂದೆ ತಗೋಬೇಕು, ನೀನು ಬಿಲ್ಲು ತೋರಿಸ್ಬೇಕು. ಔಷಧ, ಊಟ, ಬಟ್ಟೆ, ಏನಿದೆಯೋ ಅದು. ಇನ್ನೊಂದು ಮಾತು. ಯಾರಾದ್ರೂ ಮನೆ ನೋಡೋಕೆ ಬಂದ್ರೂ ಬರಬಹುದು. ಬಾಗಿಲ ಮೇಲೆ ಆ ಬೋರ್ಡು ನೇತಾಡ್ತಾ ಇದ್ರೆ ಅವಲಂಬಿತೆ ಅಂತ ಯಾವ ಬಾಯಲ್ಲಿ ಹೇಳೋದು?”

ಬಿಲ್ಲಿನ ವಿಷಯ ತಮ್ಮನಿಗೂ ತಿಳಿಯಿತು. ಅವನ ಆ್ಯಪು ಅದನ್ನೇ ಹೇಳಿತ್ತು: ‘ಪುರಾವೆ ಸೇರಿಸಿ.’ ಮುಂದಿನ ಎರಡು ವಾರ ಅಮ್ಮನಿಗೆ ಹಿಂದೆಂದೂ ಇಲ್ಲದ ಉಪಚಾರ ನಡೆಯಿತು. ಸಣ್ಣವನು ಕೆಲಸದಿಂದ ಬರುವಾಗ ಹೋಟೆಲಿನ ಸೂಪು ತರತೊಡಗಿದ, ರಸೀದಿಯಲ್ಲಿ ‘ತಾಯಿಗೆ’ ಎಂದು ಬರೆಸಿಕೊಂಡು. ದೊಡ್ಡವನು ಮಾತ್ರೆ ತಂದ.

“ಹಳೇದೇ ಮುಗಿದಿಲ್ವಲ್ಲೋ,” ಎಂದಳು ಅಮ್ಮ.

“ಇರ್ಲಿ ಇಟ್ಕೋ. ಚಪ್ಪಲಿ ಬೇಕಾ?”

“ಬೇಡ.”

“ಒಂದ್ಜೊತೆ ತಗೊಂಡ್ಬಿಡಮ್ಮ. ಹೋದ ತಿಂಗಳ ತಾರೀಖು ಹಾಕಿಕೊಡ್ತಾನೆ, ನನಗೆ ಗೊತ್ತಿರೋ ಅಂಗಡಿ.”

ಫ್ರಿಜ್ಜಿನಲ್ಲಿ ಮೂರು ದಿನದ ಸೂಪು ಸಾಲಾಗಿ ಕೂತಿತು. ಸೊಸೆ ಪಾಳಿ ಮುಗಿಸಿ ಬಂದು ಬಾಗಿಲು ತೆರೆದು, “ಇದನ್ನೆಲ್ಲ ಯಾರತ್ತೆ ಕುಡಿಯೋದು?” ಎಂದಳು.

“ನಾನಂತೆ. ಈ ಮನೇಲಿ ಇಷ್ಟು ವರ್ಷ ಹಸ್ಕೊಂಡಿದ್ನಲ್ಲ.”

ಅಮ್ಮನಿಗೆ ಅಷ್ಟರಲ್ಲಿ ವಿಷಯ ಗೊತ್ತಾಗಿತ್ತು. ಮೊಮ್ಮಗಳೇ ಹೇಳಿದ್ದಳು, ಜಿಪ್ಪಿನ ಎಳೆ ಬಿಚ್ಚಲು ಕೂತಾಗ, ತಲೆ ತಗ್ಗಿಸಿಕೊಂಡು. “ಚಿಕ್ಕಪ್ಪನ ಫೋನಲ್ಲಿ ಹೌದು ಅಂತ ಒತ್ತಿದ್ದು ನಾನೇ ಅಜ್ಜಿ.”

“ಒತ್ತಿದ ಬೆರಳಿಗೇನು ಗೊತ್ತು. ಹೇಳಿದ ಬಾಯಿಗೆ ಗೊತ್ತಿತ್ತಲ್ಲ,” ಎಂದು ಅಮ್ಮ ಮಷಿನ್ ತುಳಿದಳು. ದಾರ ಎರಡು ಸಲ ತುಂಡಾಯಿತು. ಅವಳ ಕೈಯಲ್ಲಿ ದಾರ ತುಂಡಾಗುವುದು ಅಪರೂಪ.

ಆ ಶನಿವಾರ ಅವಳು ತರಕಾರಿ ತಂದು ಬೀದಿ ತಿರುವಿನಲ್ಲಿ ಬರುತ್ತಿದ್ದಾಗ ಒಬ್ಬ ಹೆಂಗಸು ಸೂಟ್‌ಕೇಸ್ ಎಳೆದುಕೊಂಡು ಎದುರಾದಳು. ಒಂದು ಚಕ್ರವಿರಲಿಲ್ಲ, ನೆಲದ ಮೇಲೆ ಗೀರು ಬೀಳುತ್ತಿತ್ತು. “ಇಲ್ಲೆಲ್ಲೋ ರಿಪೇರಿ ಅಂಗಡಿ ಇದೆ ಅಂದ್ರು, ಬೋರ್ಡೇ ಕಾಣ್ಲಿಲ್ಲ,” ಎಂದಳು ಆ ಹೆಂಗಸು.

ಅಮ್ಮ ಮನೆ ಕಡೆ ನೋಡಿದಳು. ಬಾಗಿಲ ಮೇಲೆ ನಾಲ್ಕು ತೂತು, ಸುತ್ತ ಬಣ್ಣ ಮಾಸದ ಚೌಕ. ಒಳಗೆ ಮಷಿನ್ನಿಗೆ ಹಾಸಿಗೆ ಹೊದಿಕೆ ಹೊದಿಸಿತ್ತು. ರಿಪೇರಿಗೆ ಬಂದಿದ್ದ ಬ್ಯಾಗುಗಳನ್ನು ಮಂಚದ ಕೆಳಗೆ ತುರುಕಿತ್ತು. ದೊಡ್ಡವನು ಸ್ಟೂಲಿನ ಮೇಲೆ ಕೂತು ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕುತ್ತಿದ್ದ. ಸಣ್ಣವನು ಕಸ ಗುಡಿಸುತ್ತಿದ್ದ. ಅವನು ಪೊರಕೆ ಹಿಡಿದದ್ದನ್ನು ಆ ಮನೆ ನೋಡಿದ್ದು ಅಂದೇ.

“ಯಾರನ್ನ ಕೇಳಿ ಬಿಚ್ಚಿದೆ?”

“ಲೆಕ್ಕದ ಮಾಮ ಹೇಳಿದ್ರು.”

“ಹಾಗಾದ್ರೆ ಅವರ ಕಚೇರಿ ಬೋರ್ಡು ಬಿಚ್ಚಬೇಕಿತ್ತು. ನನ್ನದ್ಯಾಕೆ ಬಿಚ್ಚಿದೆ?”

“ಎರಡು ತಿಂಗಳು ಅಷ್ಟೇ ಅಮ್ಮ. ಆಮೇಲೆ ನೋಡಿದ್ರಾಯ್ತು.”

“ಏನು ನೋಡೋದು?”

“ನಿಂಗೂ ವಯಸ್ಸಾಯ್ತು,” ಎಂದ ಸಣ್ಣವನು, “ಹೇಗೂ ಒಂದಿನ ಬಿಡಲೇಬೇಕಲ್ಲ. ಆರಾಮಾಗಿರು. ಇಬ್ಬರು ಮಕ್ಕಳಿದೀವಿ.”

“ನೀವಿಬ್ರೂ ಒಂದು ಮಾತಿಗೆ ಬಂದದ್ದು ಇದೇ ಮೊದಲು. ಅದೂ ನನ್ನ ಬಾಗಿಲು ಮುಚ್ಚೋಕೆ.” ಅಮ್ಮ ತರಕಾರಿ ಚೀಲವನ್ನು ಅವನ ಪೊರಕೆಯ ಮೇಲೇ ಇಟ್ಟಳು. ಆಚೆ ನಿಂತಿದ್ದ ಹೆಂಗಸನ್ನು ಒಳಗೆ ಕರೆದು, ಹೊದಿಕೆ ಎಳೆದೆಸೆದು, ಚಕ್ರದ ಅಳತೆ ನೋಡಲು ಕೂತಳು.

ಬಿಚ್ಚಿ ಅಟ್ಟಕ್ಕೆ ಹಾಕಿದ್ದ ಬೋರ್ಡು ಮಾತ್ರ ಅಲ್ಲೇ ಉಳಿಯಿತು. ದೊಡ್ಡವನು ಇಳಿಸಿಕೊಡಲಿಲ್ಲ. ಏಣಿ ಹತ್ತಲು ಅಮ್ಮನ ಮಂಡಿ ಒಪ್ಪುತ್ತಿರಲಿಲ್ಲ. ಮುಂದಿನ ಎಂಟು ದಿನದಲ್ಲಿ ಬಂದದ್ದು ಹಳೆಯ ಗಿರಾಕಿಗಳು ಮಾತ್ರ. ನಡುವೆ ಸಿಲಿಂಡರಿನವನು ಬಂದ. ಅಮ್ಮ ದುಡ್ಡು ತೆಗೆಯದೆ, “ಒಳಗೆ ಹೋಗಿ ಕೇಳಪ್ಪ, ಸಾಕೋರು ಒಳಗಿದಾರೆ,” ಎಂದಳು. ಒಳಗೆ ಇಬ್ಬರೂ ಇದ್ದರು. ಅವನು ಕಾದು ಕಾದು ಸಿಲಿಂಡರ್ ವಾಪಸ್ ಹೊತ್ತುಕೊಂಡು ಹೋದ.

ಅಣ್ಣ ತಮ್ಮ ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ತಮ್ಮ ತನ್ನ ಹಕ್ಕು ಬಿಡುವುದು, ಅಣ್ಣ ಉಳಿಸಿಕೊಳ್ಳುವುದು, ಸಿಗುವ ಲಾಭ ಅರ್ಧರ್ಧ. ಅದಕ್ಕೆ ಬೇಕಾದದ್ದು ಅಮ್ಮನ ಒಂದು ಸಹಿ. ಭಾನುವಾರ ಲೆಕ್ಕದ ಮಾಮ ತಾವೇ ಕಾಗದ ಸಿದ್ಧಮಾಡಿಕೊಂಡು ಊಟದ ಹೊತ್ತಿಗೆ ಬಂದರು.

ಅನ್ನ, ಬೇಳೆ, ಬೇಯಿಸಿದ ಮೊಟ್ಟೆ ಇದ್ದವು. ಮಾಮ ಇನ್ನೊಂದು ಪಾತ್ರೆ ಬರಬಹುದೆಂದು ಅಡುಗೆಮನೆ ಕಡೆ ಎರಡು ಸಲ ನೋಡಿದರು. ಅಮ್ಮ ಬಡಿಸಿ ತಾನೂ ಕೂತಳು. ಎಲ್ಲರ ಜೊತೆ ಅವಳು ಮೇಜಿಗೆ ಕೂರುವವಳಲ್ಲ.

“ಇಲ್ಲೊಂದು ಸಹಿ ಅಕ್ಕ,” ಎಂದರು ಮಾಮ, ಕೈ ತೊಳೆದು ಬಂದು.

“ಓದು,” ಎಂದು ಅಮ್ಮ ಕಾಗದವನ್ನು ಮೊಮ್ಮಗಳಿಗೆ ಕೊಟ್ಟಳು.

“‘ನನಗೆ ಯಾವುದೇ ಸ್ವಂತ ದುಡಿಮೆ ಇರುವುದಿಲ್ಲ. ನನ್ನ ಊಟ, ಬಟ್ಟೆ, ಔಷಧದ ಖರ್ಚನ್ನು ನನ್ನ ಹಿರಿಯ ಮಗ ಭರಿಸುತ್ತಿದ್ದಾನೆ...’” ಹುಡುಗಿ ಅಲ್ಲಿಗೇ ನಿಲ್ಲಿಸಿದಳು.

“ಇದನ್ನ ಯಾರು ಬರೆದದ್ದು?”

“ನಾನೇ. ಇದು ಹೀಗೇ ಬರೀಬೇಕು, ಒಂದು ಕ್ರಮ ಅಷ್ಟೇ,” ಎಂದರು ಮಾಮ.

“ಹೋದ ತಿಂಗಳು ನಿಮ್ಮ ಕಚೇರಿ ಬ್ಯಾಗಿನ ಹಿಡಿ ಹೊಲಿದುಕೊಟ್ಟದ್ದು ಯಾರು?”

ಮಾಮ ಕಾಲ ಬುಡದಲ್ಲಿದ್ದ ಬ್ಯಾಗನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. “ಅಕ್ಕ, ನಾನು ನಿಮ್ಮ ಮನೆ ಒಳ್ಳೇದಕ್ಕೇ ಮಾಡಿದ್ದು. ಇಷ್ಟು ವರ್ಷ ಇಬ್ಬರಿಗೂ ಬೇಜಾರಾಗದ ಹಾಗೆ ಒಂದೊಂದು ವರ್ಷ—”

“ಗೊತ್ತಾಯ್ತು. ಸೈಕಲ್ ಹಂಚಿದ ಹಾಗೆ ಹಂಚಿದೀರ. ಒಂದು ವರ್ಷ ಇವನ ಕೈಲಿ, ಒಂದು ವರ್ಷ ಅವನ ಕೈಲಿ. ವರ್ಷಾ ವರ್ಷಾ ಇದೇ ಮೇಜಿನ ಮೇಲೆ ನನ್ನನ್ನ ದಂಡಪಿಂಡ ಅಂತ ಬರೀತಿದ್ರಿ, ನಾನು ಒಳಗೆ ನಿಮ್ಮ ಮೀನಿನ ಬಾಣಲೆ ತಿಕ್ಕುತಿದ್ದೆ. ಒಂದ್ಸಲ ಕೂಗಿ ಕೇಳಬಹುದಿತ್ತಲ್ಲ?”

“ಅಮ್ಮ, ಅದಕ್ಕೇ ನಾನು ಆ್ಯಪು—” ಎಂದ ಸಣ್ಣವನು.

“ನೀನು ಬಾಯಿ ಮುಚ್ಚು. ಅದಾದ್ರೂ ಕೇಳ್ತು. ಉತ್ತರ ಹೇಳಿದ್ದು ನೀನು.”

“ಒಂದು ಸಹಿಗೆ ಇಷ್ಟೊಂದಾ?” ದೊಡ್ಡವನ ದನಿ ಏರಿತು. “ದಂಡ ಕಟ್ಟೋದು ನಾವು. ನಿನ್ನ ಕೈಯಿಂದ ಏನು ಹೋಗುತ್ತೆ? ನಿನ್ನನ್ನ ನೋಡ್ಕೊಳ್ತಿಲ್ವಾ ನಾವು?”

ಪಾಳಿಯ ಉಡುಪಿನಲ್ಲಿ ಗೋಡೆಗೆ ಒರಗಿ ನಿಂತಿದ್ದ ಸೊಸೆ ಚಮಚ ಕೆಳಗಿಟ್ಟಳು. “ಗ್ಯಾಸ್ ಯಾರು ತರ್ಸೋದು?”

“ನೀನು ಸುಮ್ನಿರು.”

“ಇದ್ದೆನಲ್ಲ ಇಷ್ಟು ದಿನ. ಬುಧವಾರದಿಂದ ಕರೆಂಟ್ ಒಲೆ ಮೇಲೆ ಒಂದೊಂದೇ ಪಾತ್ರೆ ಇಟ್ಟು ಅಡುಗೆ ಆಗ್ತಿದೆ, ಯಾಕೆ ಅಂತ ಕೇಳಿದ್ರಾ? ಗ್ಯಾಸು ಅತ್ತೆ, ಕರೆಂಟು ಅತ್ತೆ, ನೀವು ಈಗ ತಿಂದ ಮೊಟ್ಟೆ ಅತ್ತೆ. ನಾನೂ ಬಾಯಿ ಬಿಡಲಿಲ್ಲ, ನನಗೂ ಅನುಕೂಲ ಇತ್ತು. ಇದೊಂದು ಸಹಿ ಮಾತ್ರ ಹಾಕಿಸ್ಬೇಡಿ, ನೋಡೋಕಾಗಲ್ಲ.”

ದೊಡ್ಡವನು ತಟ್ಟೆ ನೋಡುತ್ತ ಕೂತ. ಅದರಲ್ಲಿ ಅರ್ಧ ಮೊಟ್ಟೆ ಉಳಿದಿತ್ತು.

ಅಮ್ಮ ಕಾಗದವನ್ನು ಮಡಚಿ ಮಾಮನ ಮುಂದೆ ಇಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ತನ್ನ ಫೋನನ್ನು ಮೊಮ್ಮಗಳ ಕಡೆ ತಳ್ಳಿದಳು. “ನಿಮ್ಮ ಚಿಕ್ಕಪ್ಪನಿಗೆ ಮಾಡಿದ್ಯಲ್ಲ, ಅದನ್ನ ನನಗೆ ಮಾಡು.”

“ನೀವ್ಯಾಕೆ ಅಕ್ಕ? ನಿಮ್ಮ ಸಂಪಾದನೆ ತೆರಿಗೆ ಮಿತಿಯೊಳಗೇ ಇರುತ್ತೆ. ಗಡುವು ದಾಟಿದ್ರೂ ಕಟ್ಟೋದೇನೂ ಬರಲ್ಲ, ಸಲ್ಲಿಸೋದೇ ಬೇಕಿಲ್ಲ,” ಎಂದರು ಮಾಮ. “ಮಷಿನ್ನಿಗೆ ಏನು ಗೊತ್ತು, ಅದು ನಿಮ್ಮನ್ನ ನೋಡಿದೆಯಾ?”

“ನೀವು ನೋಡಿದೀರ. ನೋಡಿ ಏನು ಬರೆದ್ರಿ?”

ಹುಡುಗಿ ಹೆಸರು, ವಿಳಾಸ, ವಯಸ್ಸು ತುಂಬಿಸಿದಳು. “ಉದ್ಯೋಗ ಅಂತ ಕೇಳ್ತಿದೆ ಅಜ್ಜಿ. ಬ್ಯಾಗ್ ರಿಪೇರಿ ಪಟ್ಟಿಯಲ್ಲಿ ಇಲ್ಲ. ಗೃಹಿಣಿ ಇದೆ, ದರ್ಜಿ ಇದೆ, ಇತರೆ ಇದೆ.”

“ಅದೂ ಇವರ ಜಾತಿಯದ್ದೇ ಅನ್ನು. ಇತರೆ ಒತ್ತಿದ್ರೆ ಬರೆಯೋಕೆ ಜಾಗ ಕೊಡುತ್ತಾ?”

“ಕೊಡುತ್ತೆ.”

“ಬರಿ. ಬ್ಯಾಗ್, ಸೂಟ್‌ಕೇಸ್, ಜಿಪ್. ಮೂರೂ ಬರಿ.”

ತಿಂಗಳ ಆದಾಯ ಕೇಳಿತು. ಅಮ್ಮ ಬಾಯಿಲೆಕ್ಕದಲ್ಲೇ ಹೇಳಿದಳು, ಬೋರ್ಡಿಲ್ಲದ ಎಂಟು ದಿನದ ನಷ್ಟವನ್ನೂ ಕಳೆದು. ಆ ಮೊತ್ತ ಕೇಳಿ ಸಣ್ಣವನು ಅಣ್ಣನ ಮುಖ ನೋಡಿದ. ಅವರು ಊಹಿಸಿದ್ದಕ್ಕಿಂತ ಅದು ಹೆಚ್ಚಿತ್ತು. ಅವಳ ಕೈಯಲ್ಲಿ ಅದರಲ್ಲಿ ಏನೂ ಉಳಿಯುತ್ತಿರಲಿಲ್ಲವೆಂಬುದು ಅವರಿಬ್ಬರಿಗೂ ಗೊತ್ತಿತ್ತು.

“ಇದೊಂದು ಇದೆ,” ಎಂದು ಹುಡುಗಿ ತಡೆದು ಓದಿದಳು. “‘ನಿಮ್ಮ ಸಂಪಾದನೆಯನ್ನು ಅವಲಂಬಿಸಿ ನಿಮ್ಮ ಜೊತೆ ವಾಸಿಸುವವರು ಯಾರಾದರೂ ಇದ್ದಾರೆಯೇ?’”

ಅಮ್ಮ ಮೇಜಿನ ಸುತ್ತ ಒಂದು ಸಲ ನೋಡಿದಳು.

“ಇಲ್ಲ ಅಂತ ಒತ್ತು,” ಎಂದಳು. “ಇದ್ರು. ಇವತ್ತಿಗೆ ಮುಗೀತು. ನಾಳೆಯಿಂದ ಗ್ಯಾಸ್ ಒಬ್ಬ, ಕರೆಂಟ್ ಒಬ್ಬ. ತರಕಾರಿ ನಾನು ತರ್ತೀನಿ, ನಾನೂ ತಿಂತೀನಲ್ಲ. ಬನಿಯನ್ನು ಯಾರ್ಯಾರದು ಅವರವರು.”

ಹುಡುಗಿ ಒತ್ತಿದಳು. ಕಟ್ಟಬೇಕಾದ ತೆರಿಗೆ ಸೊನ್ನೆ ಎಂದು ಬಂತು. “ನಾನು ಹೇಳಲಿಲ್ವಾ,” ಎಂದು ಮಾಮ ಬ್ಯಾಗು ಎತ್ತಿಕೊಂಡರು. ಹಿಡಿ ಗಟ್ಟಿಯಾಗಿತ್ತು. ಬಾಗಿಲವರೆಗೆ ಯಾರೂ ಕಳಿಸಲು ಹೋಗಲಿಲ್ಲ.

ಮಾರನೆಯ ವಾರ ಅಣ್ಣ ತಮ್ಮ ಇಬ್ಬರೂ ತಮ್ಮ ತಮ್ಮ ಲೆಕ್ಕದಿಂದ ತಾಯಿಯನ್ನು ತೆಗೆದು, ದಂಡ ಕಟ್ಟಿಬಂದರು. ಬಚ್ಚಲ ನಲ್ಲಿ ಸೋರುತ್ತಲೇ ಇತ್ತು. ಆ ಸಂಜೆ ದೊಡ್ಡವನು ಯಾರಿಗೂ ಏನೂ ಹೇಳದೆ ಅಟ್ಟ ಹತ್ತಿ ಬೋರ್ಡು ಇಳಿಸಿದ. ಸ್ಟೂಲಿನ ಮೇಲೆ ನಿಂತು, ಬಟ್ಟಲಿನ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿದ. ಸಣ್ಣವನು ಕೆಳಗೆ ಸ್ಟೂಲು ಹಿಡಿದಿದ್ದ. ಒದ್ದೆ ಬನಿಯನ್ನು ಅವನ ಹೆಗಲ ಮೇಲಿತ್ತು.

“ಆಯ್ತಮ್ಮ,” ಎಂದ ದೊಡ್ಡವನು, ಇಳಿಯಲು ಕಾಲು ಚಾಚಿ.

ಅಮ್ಮ ಮಷಿನ್ ನಿಲ್ಲಿಸಿ ಹೊರಗೆ ಬಂದಳು. ಬೀದಿಯ ಆ ಬದಿಗೆ ದಾಟಿ, ಸೊಂಟಕ್ಕೆ ಕೈಯಿಟ್ಟು ನೋಡಿದಳು.

“ಎಡಗಡೆ ಇಳಿದಿದೆ,” ಎಂದಳು. “ಬಿಚ್ಚಿ ಸರಿಯಾಗಿ ಹಾಕು.”